ಮತ ಹಾಕುವ ಮುನ್ನ ಒಮ್ಮೆ ಕೇಳಿ: ಗ್ರ್ಯಾಮಿ ಮತದಾರರಿಗೊಂದು ಬಹಿರಂಗ ಪತ್ರ

ಅಮೆರಿಕದ ಸಂಗೀತ ಪ್ರಶಸ್ತಿ ಗ್ರ್ಯಾಮಿಯನ್ನು ಕೊಡುವ ರೆಕಾರ್ಡಿಂಗ್ ಅಕಾಡೆಮಿಯ ಮತದಾರರೇ, ನಮಸ್ಕಾರ.

ನಾನು ಹಾಡುವವನೂ ಅಲ್ಲ, ಬಾರಿಸುವವನೂ ಅಲ್ಲ. ಬರೀ ಕೇಳುವವನು. ಗ್ರ್ಯಾಮಿಗೆ ಮತ ಹಾಕುವ ಹಕ್ಕು ನನಗಿಲ್ಲ, ಇರಬೇಕಾಗಿಯೂ ಇಲ್ಲ. ಆದರೂ ನಿಮ್ಮ ಹತ್ತಿರ ಒಂದು ಮಾತು ಆಡಬೇಕಿದೆ. ಅದಕ್ಕೂ ಮೊದಲು ನನ್ನದೇ ಒಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಇಲ್ಲದಿದ್ದರೆ ಬುದ್ಧಿ ಹೇಳಲು ಬಂದವನ ಹಾಗೆ ಕಾಣುತ್ತೇನೆ.

ಕೆಲವು ವರ್ಷಗಳ ಹಿಂದೆ, ಒಂದು ಸಂಗೀತ ಪ್ರಶಸ್ತಿ ಸಮಾರಂಭದ ರಾತ್ರಿ ನಾನು ಬಾಜಿ ಕಟ್ಟಿದೆ. ಆಟಗಳ ಮೇಲೆ ಆಗೊಮ್ಮೆ ಈಗೊಮ್ಮೆ ಸಣ್ಣದಾಗಿ ಕಟ್ಟುವ ಅಭ್ಯಾಸ ಮೊದಲೇ ಇತ್ತು. ಸಂಗೀತ ನನಗೆ ಆಟಕ್ಕಿಂತ ಚೆನ್ನಾಗಿ ಗೊತ್ತು ಅಲ್ವಾ ಎಂದುಕೊಂಡು ಅಂದು ಸ್ವಲ್ಪ ಜಾಸ್ತಿಯೇ ಹಾಕಿದೆ. ಎಲ್ಲರ ಫೇವರಿಟ್ ಆಗಿದ್ದ ಹಾಡಿಗೆ ದರ 1.40 ಇತ್ತು. ನೂರು ಹಾಕಿ ಗೆದ್ದರೆ ನೂರ ನಲವತ್ತು ಕೈಗೆ ಬರುತ್ತದೆ. ಇದು ಗ್ಯಾರಂಟಿ ಎಂದುಕೊಂಡು ಕಾಲು ಚಾಚಿ ಕೂತೆ. ಲಕೋಟೆ ಒಡೆದರು. ಬೇರೆ ಯಾರದೋ ಹೆಸರು.

ಮುಂದಿನ ವಿಭಾಗಕ್ಕೆ ದುಪ್ಪಟ್ಟು ಹಾಕಿದೆ, ಹೋದದ್ದು ವಾಪಸ್ ಬರಲಿ ಅಂತ. ಅದೂ ಹೋಯಿತು. ಮೂರನೆಯದಕ್ಕೆ ಅದರ ದುಪ್ಪಟ್ಟು. ನಾಲ್ಕನೇ ಲಕೋಟೆಯ ಹೊತ್ತಿಗೆ ಆ ತಿಂಗಳ ಖರ್ಚಿಗೆ ಎತ್ತಿಟ್ಟಿದ್ದ ದುಡ್ಡು ಖಾಲಿ. ಅರ್ಧ ಗಂಟೆಯೂ ಆಗಿರಲಿಲ್ಲ, ಫೋನ್ ಟಣ್ ಎಂದಿತು. ಆ ಆ್ಯಪ್‌ನಿಂದ ಸಂದೇಶ: ನಿಮಗಾಗಿ ಒಂದು ಉಚಿತ ಬೆಟ್ ಕಾದಿದೆ! ನಾನು ಸೋತದ್ದು ಮನೆಯವರಿಗೆ ಗೊತ್ತಾಗುವ ಮೊದಲೇ ಅವರಿಗೆ ಗೊತ್ತಾಗಿತ್ತು.

ಅದಕ್ಕಿಂತ ಹೆಚ್ಚು ನಾಚಿಕೆಯಾದದ್ದು ಮರುದಿನ ಬೆಳಗ್ಗೆ. ಗೆದ್ದ ಹಾಡು ಹೇಗಿದೆ ನೋಡೋಣ ಎಂದು ಹಾಕಿದೆ. ಅದನ್ನು ನಾನು ಅಲ್ಲಿಯವರೆಗೆ ಒಂದು ಸಲವೂ ಕೇಳಿರಲಿಲ್ಲ. ಕೂತು ಲೆಕ್ಕ ಹಾಕಿದೆ. ನಾನು ದುಡ್ಡು ಕಟ್ಟಿದ ನಾಲ್ಕು ವಿಭಾಗಗಳಲ್ಲಿ ಸ್ಪರ್ಧೆಯಲ್ಲಿದ್ದ ಹಾಡುಗಳ ಪೈಕಿ ಅರ್ಧಕ್ಕೂ ಜಾಸ್ತಿ ಕೇಳೇ ಇರಲಿಲ್ಲ. ದರ ನೋಡಿದ್ದೆ. ದರ ಗೊತ್ತಿದ್ದರೆ ಹಾಡು ಗೊತ್ತಿದ್ದ ಹಾಗೆ ಎಂದುಕೊಂಡಿದ್ದೆ.

ಆಗ ನನಗೆ ನಿಮ್ಮ ನೆನಪಾಯಿತು. ನೀವೂ ಹೀಗೇ ಮಾಡುತ್ತೀರಾ?

ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಮೊದಲ ಸುತ್ತಿನಲ್ಲಿ ನಿಮ್ಮ ಮುಂದೆ ಬರುವ ಪಟ್ಟಿ ಸಾವಿರಗಟ್ಟಲೆ ಹಾಡುಗಳದ್ದು. ವರ್ಷದ ಆಲ್ಬಮ್, ವರ್ಷದ ರೆಕಾರ್ಡ್ ಥರದ ಸಾಮಾನ್ಯ ವಿಭಾಗಗಳ ಜೊತೆಗೆ ಇನ್ನು ಹತ್ತು ವಿಭಾಗಗಳಲ್ಲಿ ಮತ ಹಾಕಬಹುದು, ಅವೂ ಸಂಗೀತದ ಮೂರು ಕ್ಷೇತ್ರಗಳ ಒಳಗೇ ಇರಬೇಕು ಎಂಬ ಮಿತಿ ಇದೆ. ಗೊತ್ತಿಲ್ಲದ ಕಡೆ ಕೈ ಹಾಕಬೇಡಿ ಎನ್ನುವ ಒಳ್ಳೆಯ ನಿಯಮ. ಆದರೆ ಗೊತ್ತಿರುವ ಕ್ಷೇತ್ರದೊಳಗೂ ಕೇಳದ ಹೆಸರುಗಳೇ ಜಾಸ್ತಿ ಇರುತ್ತವಲ್ಲ? ಆಗ ಕಣ್ಣು ಪರಿಚಯದ ಹೆಸರಿನ ಮೇಲೆ ಹೋಗಿ ನಿಲ್ಲುತ್ತದೆ. ಬೆರಳು ಅಲ್ಲೇ ಒತ್ತುತ್ತದೆ. ನಾನು 1.40 ನೋಡಿ ಒತ್ತಿದ ಹಾಗೆಯೇ. ವ್ಯತ್ಯಾಸ ಇಷ್ಟೇ: ಕೇಳದೆ ಕಟ್ಟಿದ್ದಕ್ಕೆ ನನ್ನ ದುಡ್ಡು ಹೋಯಿತು. ನೀವು ಕೇಳದೆ ಹಾಕಿದರೆ ಹೋಗುವುದು ಬೇರೆ ಯಾರದೋ.

ಯಾರದು ಹೋಗುತ್ತದೆ ಎನ್ನುವುದಕ್ಕೆ ಒಂದು ಹಳೇ ಕಥೆ ಇದೆ, ಅದು ಶುರುವಾಗುವುದು ಆಟದ ಮೈದಾನದಲ್ಲಿ. 1979ರ ಜುಲೈ 12, ಶಿಕಾಗೋದ ಕೊಮಿಸ್ಕಿ ಪಾರ್ಕ್. ವೈಟ್ ಸಾಕ್ಸ್ ಮತ್ತು ಡೆಟ್ರಾಯಿಟ್ ಟೈಗರ್ಸ್ ನಡುವೆ ಒಂದೇ ಸಂಜೆ ಎರಡು ಬೇಸ್‌ಬಾಲ್ ಪಂದ್ಯ. ಡಿಸ್ಕೋ ಸಂಗೀತ ಬೇಡ ಎನ್ನುವವರ ಪ್ರಚಾರ ಬೇರೆ: ಡಿಸ್ಕೋ ರೆಕಾರ್ಡ್ ಒಂದನ್ನು ತಂದುಕೊಟ್ಟರೆ ಬರೀ 98 ಸೆಂಟಿಗೆ ಟಿಕೆಟ್ ಎಂದು ಸಾರಿದ್ದರು. ಮೊದಲ ಪಂದ್ಯ ಮುಗಿದ ಮೇಲೆ ಆ ರೆಕಾರ್ಡುಗಳನ್ನೆಲ್ಲ ಒಂದು ದೊಡ್ಡ ಪೆಟ್ಟಿಗೆಗೆ ತುಂಬಿ ಮೈದಾನದ ನಡುವೆ ಸಿಡಿಮದ್ದಿಟ್ಟು ಉಡಾಯಿಸಿದರು. ಸಾವಿರಾರು ಜನ ಒಳಗೆ ನುಗ್ಗಿದರು. ಹುಲ್ಲು ಕಿತ್ತುಹೋಯಿತು, ನೆಲ ಹಳ್ಳಬಿತ್ತು. ಎರಡನೇ ಪಂದ್ಯ ನಡೆಯಲೇ ಇಲ್ಲ. ಮರುದಿನ ಅದನ್ನು ಡೆಟ್ರಾಯಿಟ್ ಗೆದ್ದಿತು ಎಂದು ಬರೆದುಕೊಟ್ಟರು. ಒಂದು ಚೆಂಡೂ ಎಸೆಯದ ಪಂದ್ಯದ ಫಲಿತಾಂಶ 9–0.

ಅಂದು ಸುಟ್ಟ ರೆಕಾರ್ಡುಗಳಲ್ಲಿ ಬಹಳಷ್ಟು ಕರಿಯರು ಹಾಡಿದ್ದು, ಕರಿಯರು ನುಡಿಸಿದ್ದು. ಡಿಸ್ಕೋ ಅಲ್ಲದ ಸೋಲ್ (ಅಮೆರಿಕದ ಕರಿಯರ ಹಾಡಿನ ಒಂದು ಬಗೆ) ರೆಕಾರ್ಡುಗಳೂ ಅದರಲ್ಲಿ ಇದ್ದವು ಎಂದು ಅಲ್ಲಿ ಕೆಲಸ ಮಾಡಿದವರು ಆಮೇಲೆ ಹೇಳಿದ್ದಾರೆ.

ಅದಾಗಿ ಏಳು ತಿಂಗಳಿಗೆ, 1980ರ ಸಮಾರಂಭದಲ್ಲಿ, ನೀವು ಮೊದಲ ಬಾರಿಗೆ ಅತ್ಯುತ್ತಮ ಡಿಸ್ಕೋ ರೆಕಾರ್ಡಿಂಗ್ ಎಂಬ ಪ್ರಶಸ್ತಿ ಕೊಟ್ಟಿರಿ. ಗ್ಲೋರಿಯಾ ಗೇನರ್ ಗೆದ್ದರು. ಮುಂದಿನ ವರ್ಷ ಆ ವಿಭಾಗವನ್ನೇ ತೆಗೆದುಹಾಕಿದಿರಿ. ಮತ್ತೆಂದೂ ಅದು ಬರಲಿಲ್ಲ. ಫ್ಯಾಷನ್ ಮುಗಿಯಿತು, ದರ ಇಳಿಯಿತು, ಅಷ್ಟೇ.

ಈಗ 2014ಕ್ಕೆ ಬನ್ನಿ. ಡಾಫ್ಟ್ ಪಂಕ್ ಎಂಬ ಫ್ರೆಂಚ್ ಜೋಡಿ ಡಿಸ್ಕೋ ಕಾಲದ ಧ್ವನಿಯಲ್ಲಿ ಮಾಡಿದ ಆಲ್ಬಮ್ಮಿಗೆ ವರ್ಷದ ಆಲ್ಬಮ್ ಪ್ರಶಸ್ತಿ. ಅದರಲ್ಲಿ ಗಿಟಾರ್ ನುಡಿಸಿದ ನೈಲ್ ರಾಜರ್ಸ್ ಯಾರು? 1970ರ ದಶಕದ ಡಿಸ್ಕೋ ತಂಡ ಶೀಕ್‌ನ ಗಿಟಾರ್ ವಾದಕ. ಅದೇ ಕೈ, ಅದೇ ಕಡಿದು ಕಡಿದು ನುಡಿಸುವ ಚುರುಕು. ಮೈದಾನದಲ್ಲಿ ಸುಟ್ಟ ಧ್ವನಿಗೆ 34 ವರ್ಷ ಕಳೆದ ಮೇಲೆ ನೀವೇ ಎದ್ದು ನಿಂತು ಚಪ್ಪಾಳೆ ತಟ್ಟಿದಿರಿ. ಆ ಆಲ್ಬಮ್ ನನಗೂ ಇಷ್ಟ. ನಡುವಿನ ವರ್ಷಗಳಲ್ಲಿ ಆ ಕೈ ಎಲ್ಲಿಗೂ ಹೋಗಿರಲಿಲ್ಲ ಎನ್ನುವುದಷ್ಟೇ ನನ್ನ ಮಾತು.

ಹಳೆಯ ಧ್ವನಿಯಲ್ಲಿ ಹೊಸದಾಗಿ ಹಾಡುವವರನ್ನು ನಾನು ಹುಡುಕಿಕೊಂಡ ದಾರಿ ಪ್ರಶಸ್ತಿಯಿಂದ ಬಂದದ್ದಲ್ಲ. ಸರಿಯಾಗಿ ಹೇಳಬೇಕೆಂದರೆ ಪ್ರಶಸ್ತಿಯ ಹಿಂಬಾಗಿಲಿನಿಂದ ಬಂದದ್ದು. 2008ರಲ್ಲಿ ಬ್ರಿಟನ್ನಿನ ಗಾಯಕಿ ಏಮಿ ವೈನ್‌ಹೌಸ್ ಐದು ಗ್ರ್ಯಾಮಿ ಗೆದ್ದರು. ಆ ಆಲ್ಬಮ್ ಕೇಳುವಾಗ ನನ್ನನ್ನು ಹಿಡಿದದ್ದು ಅವರ ದನಿಯಷ್ಟೇ ಅಲ್ಲ, ಹಿಂದಿನ ಡ್ರಮ್ಸ್ ಕೂಡ. ಒಣಗಿದ, ಹತ್ತಿರದ ಸದ್ದು. ಯಾರೋ ಪಕ್ಕದ ಕೋಣೆಯಲ್ಲೇ ಕೂತು ಬಾರಿಸುತ್ತಿದ್ದಾರೆ ಅನ್ನಿಸುವಂಥದ್ದು. ಇದನ್ನು ಬಾರಿಸಿದವರು ಯಾರು ಅಂತ ಸಿ.ಡಿ.ಯ ಪುಸ್ತಿಕೆ ತೆಗೆದೆ. ಕಣ್ಣು ಕಿರಿದು ಮಾಡಿ ಓದಬೇಕಾದ ಸಣ್ಣ ಅಕ್ಷರದಲ್ಲಿ ಹೆಸರುಗಳಿದ್ದವು. ಡ್ಯಾಪ್ ಕಿಂಗ್ಸ್ ಎಂಬ ತಂಡ. ಬ್ರೂಕ್ಲಿನ್‌ನ ಡ್ಯಾಪ್‌ಟೋನ್ ಎಂಬ ಪುಟ್ಟ ಕಂಪನಿಯವರು, ಒಂದು ಹಳೇ ಮನೆಯನ್ನೇ ಸ್ಟುಡಿಯೋ ಮಾಡಿಕೊಂಡು ಟೇಪಿನ ಮೇಲೆ ರೆಕಾರ್ಡ್ ಮಾಡುವವರು.

ಆ ತಂಡಕ್ಕೆ ಅವರದೇ ಗಾಯಕಿ ಇದ್ದರು. ಶರೋನ್ ಜೋನ್ಸ್.

ಇವರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 1956ರಲ್ಲಿ ಹುಟ್ಟಿದವರು. ಚಿಕ್ಕಂದಿನಿಂದ ಚರ್ಚಿನಲ್ಲಿ ಹಾಡಿದರು. ಹೊಟ್ಟೆಪಾಡಿಗೆ ನ್ಯೂಯಾರ್ಕಿನ ರೈಕರ್ಸ್ ಐಲ್ಯಾಂಡ್ ಜೈಲಿನಲ್ಲಿ ಕಾವಲು ಕೆಲಸ, ಆಮೇಲೆ ದುಡ್ಡು ಸಾಗಿಸುವ ಗಾಡಿಯಲ್ಲಿ ಗಾರ್ಡ್ ಕೆಲಸ. ನೀನು ತುಂಬ ಕಪ್ಪು, ತುಂಬ ದಪ್ಪ, ತುಂಬ ಗಿಡ್ಡ, ವಯಸ್ಸೂ ಆಯಿತು ಎಂದು ಸಂಗೀತ ಕಂಪನಿಯವರೊಬ್ಬರು ಹೇಳಿದ್ದನ್ನು ಅವರೇ ಸಂದರ್ಶನಗಳಲ್ಲಿ ಹೇಳಿಕೊಳ್ಳುತ್ತಿದ್ದರು. ಮೊದಲ ಆಲ್ಬಮ್ ಬಂದದ್ದು 2002ರಲ್ಲಿ, 46ನೇ ವಯಸ್ಸಿನಲ್ಲಿ. ವೇದಿಕೆಯ ಮೇಲೆ ಚಪ್ಪಲಿ ಕಳಚಿ ಬದಿಗೆಸೆದು ಕುಣಿಯುತ್ತಿದ್ದರು. ಕ್ಯಾನ್ಸರ್ ಬಂತು, ಚಿಕಿತ್ಸೆಯಲ್ಲಿ ಕೂದಲು ಹೋಯಿತು, ಬೋಳುತಲೆಯಲ್ಲೇ ಬಂದು ಹಾಡಿದರು. 2015ರಲ್ಲಿ ಒಮ್ಮೆ ನಿಮ್ಮ ಅತ್ಯುತ್ತಮ ಆರ್ ಆ್ಯಂಡ್ ಬಿ (ರಿದಮ್ ಆ್ಯಂಡ್ ಬ್ಲೂಸ್) ಆಲ್ಬಮ್ ಪಟ್ಟಿಯಲ್ಲಿ ಅವರ ಹೆಸರು ಬಂತು. ಗೆಲ್ಲಲಿಲ್ಲ. 2016ರ ನವೆಂಬರಿನಲ್ಲಿ ತೀರಿಕೊಂಡರು.

ಹಿಂದೆ ನಿಂತು ಬಾರಿಸಿದ ಅವರ ಬ್ಯಾಂಡಿನ ಕಥೆ ಇನ್ನೂ ವಿಚಿತ್ರ. ವರ್ಷದ ರೆಕಾರ್ಡ್ ಪ್ರಶಸ್ತಿ ಹೋಗುವುದು ಹಾಡಿದವರಿಗೆ, ನಿರ್ಮಾಪಕರಿಗೆ, ಧ್ವನಿ ಎಂಜಿನಿಯರುಗಳಿಗೆ. ವಾದಕರಿಗಲ್ಲ. ಡ್ಯಾಪ್ ಕಿಂಗ್ಸ್‌ನ ನಾಯಕ ಗೇಬ್ರಿಯಲ್ ರಾತ್ ಬೇಸ್ ಗಿಟಾರ್ ನುಡಿಸುವವರು. ವೈನ್‌ಹೌಸ್ ಹಾಡಿಗೆ ಅವರಿಗೂ ಗ್ರ್ಯಾಮಿ ಬಂತು. ಬೇಸ್ ನುಡಿಸಿದ್ದಕ್ಕಲ್ಲ, ಎಂಜಿನಿಯರ್ ಆಗಿದ್ದಕ್ಕೆ! ಯಾವ ಸದ್ದಿಗೆ ನೀವು ಮನಸೋತಿರೋ ಆ ಸದ್ದು ಮಾಡಿದ ಬೆರಳುಗಳಿಗೆ ನಿಮ್ಮ ಲೆಕ್ಕದಲ್ಲಿ ಜಾಗವಿಲ್ಲ. ಇದೊಂದನ್ನು ಬದಲಾಯಿಸಿ ಎಂದು ಕೇಳಿಕೊಳ್ಳುತ್ತೇನೆ. ವಾದಕರ ಹೆಸರು ಮತಪತ್ರದಲ್ಲೇ ಬರಲಿ. ನಿಮಗೂ ಅನುಕೂಲ, ಹೆಸರು ನೋಡಿದರೆ ದಾರಿ ತೆರೆದುಕೊಳ್ಳುತ್ತದೆ.

ನನಗೆ ತೆರೆದುಕೊಂಡದ್ದು ಹಾಗೆಯೇ. ಶರೋನ್ ಜೋನ್ಸ್‌ರಿಂದ ಅದೇ ಕಂಪನಿಯ ಚಾರ್ಲ್ಸ್ ಬ್ರಾಡ್ಲಿಗೆ ಹೋದೆ. ವರ್ಷಗಟ್ಟಲೆ ಅಡುಗೆ ಕೆಲಸ ಮಾಡುತ್ತ, ಸಂಜೆ ಹೊತ್ತು ಸೋಲ್ ಗಾಯಕ ಜೇಮ್ಸ್ ಬ್ರೌನ್ ವೇಷ ಹಾಕಿ ಹಾಡುತ್ತಿದ್ದ ಮನುಷ್ಯ. ತನ್ನದೇ ಆದ ಮೊದಲ ಆಲ್ಬಮ್ ಬಂದಾಗ ವಯಸ್ಸು 62. ಅವರ ಹಿಂದೆ ನುಡಿಸಿದ ಮೆನಾಹನ್ ಸ್ಟ್ರೀಟ್ ಬ್ಯಾಂಡ್‌ಗೆ ಹೋದೆ. ಅಲ್ಲಿ ಒಂದು ತುತ್ತೂರಿಯ ಎಳೆ ಕೇಳಿ ಥಟ್ಟನೆ ನಿಂತೆ, ಇದನ್ನು ಎಲ್ಲೋ ಕೇಳಿದ್ದೇನಲ್ಲ! 2007ರಲ್ಲಿ ಜೇ ಜಿ ತನ್ನ ರ‍್ಯಾಪ್ ಹಾಡೊಂದಕ್ಕೆ ಎತ್ತಿಕೊಂಡಿದ್ದ ತುಣುಕು ಅದು. 1970ರ ದಶಕದ ರೆಕಾರ್ಡಿನಿಂದ ತೆಗೆದದ್ದಿರಬೇಕು ಎಂದೇ ನಾನು ನಂಬಿದ್ದೆ. ಇನ್ನೊಂದು ಕಡೆಯಿಂದ ಅದೇ ಡ್ಯಾಪ್ ಕಿಂಗ್ಸ್‌ನ ತುತ್ತೂರಿಗಳು ಸ್ಟರ್ಜಿಲ್ ಸಿಂಪ್ಸನ್‌ರ ಕಂಟ್ರಿ ಆಲ್ಬಮ್ಮಿನಲ್ಲಿ ಸಿಕ್ಕವು. 2017ರ ಅತ್ಯುತ್ತಮ ಕಂಟ್ರಿ ಆಲ್ಬಮ್ ಅದು. ಒಂದು ಸಾಲು ಸಣ್ಣ ಅಕ್ಷರ ಓದಿದ್ದಕ್ಕೆ ಸೋಲ್, ರ‍್ಯಾಪ್, ಕಂಟ್ರಿ ಮೂರೂ ಮನೆಯ ಬಾಗಿಲು ತೆರೆಯಿತು. ಯಾವ ಆ್ಯಪ್‌ನ ಶಿಫಾರಸೂ ನನ್ನನ್ನು ಇಷ್ಟು ದೂರ ಕರೆದುಕೊಂಡು ಹೋಗಿಲ್ಲ.

ಹಳೆಯ ಧ್ವನಿಯದ್ದೆಲ್ಲ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಸುಮ್ನೆ ವೇಷ ಹಾಕಿಕೊಂಡವರೂ ಬೇಕಾದಷ್ಟು ಜನ ಇದ್ದಾರೆ. 2019ರಲ್ಲಿ ಅತ್ಯುತ್ತಮ ರಾಕ್ ಆಲ್ಬಮ್ ಪ್ರಶಸ್ತಿಯನ್ನು ನೀವು ಯುವ ತಂಡ ಗ್ರೆಟಾ ವ್ಯಾನ್ ಫ್ಲೀಟ್‌ಗೆ ಕೊಟ್ಟಿರಿ. ಹುಡುಗರು ಚೆನ್ನಾಗಿಯೇ ನುಡಿಸುತ್ತಾರೆ. ಆದರೆ ನನ್ನ ಕಿವಿಗೆ ಅದು 1970ರ ದಶಕದ ರಾಕ್ ತಂಡ ಲೆಡ್ ಜೆಪೆಲಿನ್‌ನ ನೆರಳಿನಿಂದ ಆಚೆ ಬಂದಂತೆ ಕೇಳಲಿಲ್ಲ. ಇನ್ನು ಲೆಡ್ ಜೆಪೆಲಿನ್‌ಗೆ ನೀವು ಸ್ಪರ್ಧೆಯ ಗ್ರ್ಯಾಮಿ ಕೊಟ್ಟದ್ದು ಯಾವಾಗ? 2014ರಲ್ಲಿ. ತಂಡ ಒಡೆದು 33 ವರ್ಷ ಆದ ಮೇಲೆ, 2007ರ ಒಂದು ಕಛೇರಿಯ ಧ್ವನಿಮುದ್ರಣಕ್ಕೆ.

ಅಸಲಿಗೂ ವೇಷಕ್ಕೂ ಇರುವ ವ್ಯತ್ಯಾಸ ಕಿವಿಗೆ ತಿಳಿಯುತ್ತದೆ, ಎರಡು ಮೂರು ಸಲ ಕೇಳಬೇಕಷ್ಟೇ. ಮೊದಲ ಸಲ ಕೇಳುವಾಗ ಎಲ್ಲವೂ ಬರೀ ನೆನಪು. ಓಹ್, ಇದು ಹಳೇ ಕಾಲದ ಹಾಗಿದೆ ಎಂಬ ಖುಷಿ. ಮೂರನೇ ಸಲಕ್ಕೆ ಆ ಖುಷಿ ಇಳಿದಿರುತ್ತದೆ. ಆಗ ಉಳಿಯುವುದು ಏನು? ಹಾಡು ಉಳಿದರೆ ಅಸಲಿ. ಬರೀ ಅಂಗಿ ಉಳಿದರೆ ವೇಷ. ಹಳೇ ಸೋಲ್ ಧ್ವನಿಯಲ್ಲಿ ಹಾಡುವ ಮೈಕೆಲ್ ಕಿವಾನುಕಾರ ಆಲ್ಬಮ್ 2020ರಲ್ಲಿ ಬ್ರಿಟನ್ನಿನ ಮರ್ಕ್ಯುರಿ ಪ್ರಶಸ್ತಿ ಪಡೆಯಿತು. ಅಲ್ಲಿ ಮತದಾರರ ದಂಡು ಇಲ್ಲ, ಸಣ್ಣ ತೀರ್ಪುಗಾರರ ತಂಡ ಕೂತು ಹನ್ನೆರಡು ಆಲ್ಬಮ್ ಕೇಳಿ ಒಂದನ್ನು ಆರಿಸುತ್ತದೆ. ಹನ್ನೆರಡೇ ಆದ್ದರಿಂದ ಎಲ್ಲವನ್ನೂ ಕೇಳಿಯೇ ಕೇಳುತ್ತಾರೆ. ನೀವು 10 ಸಾವಿರಕ್ಕೂ ಜಾಸ್ತಿ ಜನ ಇದ್ದೀರಿ. ನಿಮಗೆ ಆ ಭಾಗ್ಯ ಇಲ್ಲ. ಹಾಗಂತ ಕೇಳದೆಯೇ ಒತ್ತಬೇಕೆಂದೇನೂ ಇಲ್ಲ. ಖಾಲಿ ಬಿಡುವುದೂ ಒಂದು ಮರ್ಯಾದೆಯೇ.

ಇನ್ನೊಂದು ವಿಷಯ. ಹಳೆಯ ಧ್ವನಿಯವರು ಬಂದ ಕೂಡಲೇ ನೀವು ಅವರನ್ನು ಸಾಂಪ್ರದಾಯಿಕ ಎಂಬ ಹಲಗೆ ಇರುವ ಕೋಣೆಗೆ ಕಳಿಸಿಬಿಡುತ್ತೀರಿ. ಸಾಂಪ್ರದಾಯಿಕ ಪಾಪ್, ಸಾಂಪ್ರದಾಯಿಕ ಆರ್ ಆ್ಯಂಡ್ ಬಿ, 2026ರ ಸಮಾರಂಭದಿಂದ ಸಾಂಪ್ರದಾಯಿಕ ಕಂಟ್ರಿ ಕೂಡ. 2024ರಲ್ಲಿ ಗಾಯಕಿ ಲೌವೆ ಸಾಂಪ್ರದಾಯಿಕ ಪಾಪ್ ವಿಭಾಗದಲ್ಲಿ ಗೆದ್ದಾಗ ಅವರ ವಯಸ್ಸು 24. ಅದೇ ಪಟ್ಟಿಯಲ್ಲಿ ಹಿರಿಯ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಇದ್ದರು. ಇಡೀ ಸಭಾಂಗಣದ ಅತ್ಯಂತ ಎಳೆಯರಲ್ಲಿ ಒಬ್ಬಳಾದ ಹುಡುಗಿ, ಆಕೆಗೆ ಸಿಕ್ಕ ಹಣೆಪಟ್ಟಿ ಸಾಂಪ್ರದಾಯಿಕ. 2019ರಲ್ಲಿ ಸೋಲ್ ಗಾಯಕ ಲಿಯಾನ್ ಬ್ರಿಡ್ಜಸ್‌ಗೂ ಇದೇ ಕೋಣೆ, ಅದೂ ಇನ್ನೊಬ್ಬರ ಜೊತೆ ಸಮನಾಗಿ ಹಂಚಿಕೊಂಡು. ಕೋಣೆ ಇರಲಿ, ಬೇಡ ಎನ್ನುವುದಿಲ್ಲ. ಅದಿಲ್ಲದಿದ್ದರೆ ಇವರಲ್ಲಿ ಹಲವರಿಗೆ ಏನೂ ಸಿಗುತ್ತಿರಲಿಲ್ಲ. ಆದರೆ ಒಮ್ಮೆ ಒಳಗೆ ಕಳಿಸಿದ ಮೇಲೆ ಹೊರಗಿನ ದೊಡ್ಡ ವಿಭಾಗಗಳಲ್ಲಿ ಅವರ ನೆನಪೇ ಬಾರದ ಹಾಗೆ ಬಾಗಿಲು ಹಾಕಿಬಿಡುತ್ತೀರಲ್ಲ, ಅದು ಸರಿಯಲ್ಲ.

ಇದಕ್ಕೆ ವಿರುದ್ಧವಾದದ್ದೂ ಇದೆ. ಖ್ರುವಾಂಗ್‌ಬಿನ್ ತಂಡದ ಮೊದಲ ಆಲ್ಬಮ್ ಬಂದದ್ದು 2015ರಲ್ಲಿ. ಥಾಯ್ಲೆಂಡಿನ 1960–70ರ ದಶಕದ ಫಂಕ್ ಎಂಬ ಕುಣಿತದ ಸಂಗೀತ ಕೇಳಿ ಕಲಿತ ಟೆಕ್ಸಸ್‌ನ ಮೂವರು. ಹೆಸರೂ ಥಾಯ್ ಭಾಷೆಯದೇ, ವಿಮಾನ ಎಂದು ಅರ್ಥ. ಅವರನ್ನು 2025ರ ಸಮಾರಂಭಕ್ಕೆ ನೀವು ಅತ್ಯುತ್ತಮ ಹೊಸ ಕಲಾವಿದರ ಪಟ್ಟಿಯಲ್ಲಿ ಸೇರಿಸಿದಿರಿ! ನಾನಂತೂ ನಕ್ಕುಬಿಟ್ಟೆ. ಹೊಸಬರು ಎಂದರೆ ನಿಮಗೆ ಹೊಸದಾಗಿ ಗೊತ್ತಾದವರು, ಅಷ್ಟೇ ತಾನೇ.

ಈಗ ಬಾಜಿಯ ವಿಷಯಕ್ಕೆ ವಾಪಸ್ ಬರುತ್ತೇನೆ. ಆ ರಾತ್ರಿ ನಾನು ಮಾಡಿದ ನಿಜವಾದ ತಪ್ಪು ಮೊದಲ ಬಾಜಿ ಅಲ್ಲ. ಎರಡನೆಯದು. ಹೋದದ್ದನ್ನು ವಾಪಸ್ ತರಲು ಕಟ್ಟಿದ್ದು. ಬಾಜಿ ಕಟ್ಟುವವರ ಕೈ ಸುಡುವುದು ಬಹಳ ಸಲ ಇಲ್ಲೇ. 1913ರ ಆಗಸ್ಟಿನಲ್ಲಿ ಮಾಂಟೆ ಕಾರ್ಲೋದ ಜೂಜುಮನೆಯಲ್ಲಿ ರೂಲೆಟ್ ಚಕ್ರ ಸತತ 26 ಸಲ ಕಪ್ಪಿನ ಮೇಲೆ ನಿಂತಿತಂತೆ. ಇನ್ನು ಕೆಂಪು ಬರಲೇಬೇಕು ಎಂದು ಜನ ಕೆಂಪಿನ ಮೇಲೆ ಸುರಿದರು, ಕಳೆದುಕೊಂಡರು. ಚಕ್ರಕ್ಕೆ ಹಿಂದಿನ ಸುತ್ತಿನ ನೆನಪು ಇರುವುದಿಲ್ಲ. ನೆನಪು ಇರುವುದು ನಮಗೆ.

ನಿಮ್ಮ ಪ್ರಶಸ್ತಿ ಪಟ್ಟಿ ತಿರುವಿ ಹಾಕಿದಾಗ ನನಗೆ ಅಲ್ಲೂ ಇದೇ ಕಾಣುತ್ತದೆ. 1989ರಲ್ಲಿ ಹಾರ್ಡ್ ರಾಕ್ ಮತ್ತು ಮೆಟಲ್‌ಗೆ ಮೊದಲ ಸಲ ಪ್ರಶಸ್ತಿ. ಮೆಟಲ್ ತಂಡ ಮೆಟಾಲಿಕಾ ಗೆಲ್ಲುತ್ತದೆ ಎಂದರು ಎಲ್ಲರೂ. ಗೆದ್ದದ್ದು ಕೊಳಲು ನುಡಿಸುವ ನಾಯಕನಿದ್ದ ಜೆಥ್ರೋ ಟಲ್. ಸಭೆಯಲ್ಲೇ ಗೊಣಗಾಟ. ಮುಂದಿನ ವರ್ಷ ವಿಭಾಗವನ್ನು ಎರಡು ಮಾಡಿದಿರಿ, ಮೆಟಲ್ ಪ್ರಶಸ್ತಿಯನ್ನು ಮೆಟಾಲಿಕಾಗೆ ಸತತ ಮೂರು ವರ್ಷ ಕೊಟ್ಟಿರಿ. 1992ರಲ್ಲಿ ಅವರ ಡ್ರಮ್ಮರ್ ವೇದಿಕೆಗೆ ಬಂದು, ಈ ವರ್ಷ ಆಲ್ಬಮ್ ತರದ ಜೆಥ್ರೋ ಟಲ್‌ಗೆ ಥ್ಯಾಂಕ್ಸ್ ಎಂದು ಕಾಲೆಳೆದರು. 1970ರ ದಶಕದಲ್ಲಿ ರಾಕ್ ತಂಡ ಸ್ಟೀಲಿ ಡ್ಯಾನ್‌ಗೆ ಕೊಡದ ವರ್ಷದ ಆಲ್ಬಮ್ ಪ್ರಶಸ್ತಿಯನ್ನು 2001ರಲ್ಲಿ ಕೊಟ್ಟಿರಿ, ಆ ಸಲ ಎದುರಿಗೆ ರ‍್ಯಾಪ್ ಗಾಯಕ ಎಮಿನೆಮ್ ಮತ್ತು ರಾಕ್ ತಂಡ ರೇಡಿಯೋಹೆಡ್ ಇದ್ದರು. ಹಿಂದೆ ತಪ್ಪಿದ್ದನ್ನು ಈಗ ಸರಿಮಾಡುತ್ತೇವೆ ಎಂದು ಇಂದಿನದನ್ನು ತಪ್ಪಿಸಿಕೊಳ್ಳುವುದು. ನಾನು ನಾಲ್ಕು ಲಕೋಟೆಗಳಲ್ಲಿ ಮಾಡಿದ್ದನ್ನು ನೀವು ನಲವತ್ತು ವರ್ಷಗಳಲ್ಲಿ ಹಂಚಿಕೊಂಡು ಮಾಡಿದ್ದೀರಿ.

ನಿಮ್ಮಲ್ಲಿ ಒಳ್ಳೆಯದೂ ಆಗಿದೆ, ಅದನ್ನೂ ಹೇಳಬೇಕು. 1980ರ ದಶಕದ ಸಿಂಥ್ (ಎಲೆಕ್ಟ್ರಾನಿಕ್ ಕೀಬೋರ್ಡ್) ಧ್ವನಿಯ ಹಾಡೊಂದರಿಂದ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 90 ವಾರ ಇದ್ದ ಗಾಯಕ ದಿ ವೀಕೆಂಡ್‌ಗೆ 2021ರ ಸಮಾರಂಭಕ್ಕೆ ಒಂದೇ ಒಂದು ನಾಮನಿರ್ದೇಶನವೂ ಸಿಗಲಿಲ್ಲ. ಅವರು ಸಿಟ್ಟಾದರು, ಜಗತ್ತೂ ಸಿಟ್ಟಾಯಿತು. ಮುಚ್ಚಿದ ಬಾಗಿಲ ಹಿಂದೆ ಕೂತು ಅಂತಿಮ ಪಟ್ಟಿ ಮಾಡುತ್ತಿದ್ದ ಪರಿಶೀಲನಾ ಸಮಿತಿಗಳನ್ನು ಆ ಏಪ್ರಿಲ್‌ನಲ್ಲಿ ನೀವು ಬಹುತೇಕ ತೆಗೆದುಹಾಕಿದಿರಿ. ಅಲ್ಲಿಂದ ಹೊಣೆ ನೇರವಾಗಿ ನಿಮ್ಮ ಬೆರಳಿನ ಮೇಲೆ ಬಂತು. ಈ ಪತ್ರ ಅಕಾಡೆಮಿಯ ಕಚೇರಿಗೆ ಬರೆಯದೆ ನಿಮಗೆ ಬರೆಯುತ್ತಿರುವುದು ಅದಕ್ಕೇ.

ಬಾಜಿ ಕಟ್ಟುವ ಅಭ್ಯಾಸ ನಾನು ಪೂರ್ತಿ ಬಿಟ್ಟಿಲ್ಲ. ಕಾನೂನು ಒಪ್ಪದ ಕಡೆ ಈ ಮಾತೇ ಇಲ್ಲ. ಒಪ್ಪುವ ಕಡೆ ನಾನು ಹೇಗೆ ಆಡುತ್ತೇನೆ ಎಂದು ಹೇಳುತ್ತೇನೆ, ಏಕೆಂದರೆ ಈ ಪತ್ರ ಓದುವವರಲ್ಲಿ ನನ್ನಂಥವರೂ ಇರುತ್ತಾರೆ. ಒಂದು ನೋಟ್‌ಬುಕ್ ಇದೆ. ಬಾಜಿ ಕಟ್ಟುವ ಮೊದಲು ಯಾಕೆ ಎಂದು ಒಂದು ವಾಕ್ಯ ಬರೆಯಬೇಕು. ಬರೆಯಲು ಆಗದಿದ್ದರೆ ಕಟ್ಟುವ ಹಾಗಿಲ್ಲ. ದರ ಕಡಿಮೆ ಇದೆ ಎನ್ನುವುದು ಕಾರಣ ಅಲ್ಲ. ನಾನು ನೋಡದ ತಂಡದ ಮೇಲೆ, ಕೇಳದ ಹಾಡಿನ ಮೇಲೆ ಕಟ್ಟುವುದಿಲ್ಲ. ತಿಂಗಳಿಗೆ ಒಂದು ಮೊತ್ತ, ಹೋದರೂ ಮನೆಗೆ ತಟ್ಟದಂಥದ್ದು. ಅದು ಮುಗಿದರೆ ಆ ತಿಂಗಳು ಮುಗಿಯಿತು. ಅದೇ ಮಿತಿಯನ್ನು ಆ್ಯಪ್‌ನಲ್ಲೂ ಹಾಕಿಟ್ಟಿದ್ದೇನೆ, ರಾತ್ರಿ ಹನ್ನೊಂದಕ್ಕೆ ನನ್ನ ಬುದ್ಧಿಯ ಮೇಲೆ ನನಗೆ ನಂಬಿಕೆ ಇಲ್ಲ. ಸಾಲ ಮಾಡಿ ಕಟ್ಟುವುದು, ಮನೆಯವರಿಂದ ಮುಚ್ಚಿಡುವುದು ಶುರುವಾದರೆ ಅದು ಆಟ ಅಲ್ಲ, ಅಲ್ಲಿಗೆ ನಿಲ್ಲಿಸಿ ಯಾರ ಹತ್ತಿರವಾದರೂ ಬಾಯಿಬಿಟ್ಟು ಹೇಳಬೇಕು.

ಲೆಕ್ಕವೂ ಕಷ್ಟದ್ದಲ್ಲ. ಸಮಬಲದ ಎರಡು ತಂಡಗಳಿಗೆ ತಲಾ 1.90 ದರ ಇದೆ ಎಂದುಕೊಳ್ಳಿ. ಒಂದನ್ನು 1.90ರಿಂದ ಭಾಗಿಸಿದರೆ ಶೇ 52.6, ಆ ದರದ ಪ್ರಕಾರ ಒಂದು ತಂಡ ಗೆಲ್ಲುವ ಸಾಧ್ಯತೆ ಅದು. ಎರಡೂ ಸೇರಿ ಶೇ 105ಕ್ಕಿಂತ ಜಾಸ್ತಿ. ನೂರನ್ನು ಮೀರಿದ ಆ ಐದು ಚಿಲ್ಲರೆ ಬುಕ್ಕಿಯ ಪಾಲು. ಇಂಥ ನಾಲ್ಕು ಪಂದ್ಯಗಳನ್ನು ಪೋಣಿಸಿ, ನಾಲ್ಕೂ ಗೆದ್ದರೆ ಮಾತ್ರ ದುಡ್ಡು ಎಂಬ ಒಂದೇ ಬಾಜಿ ಮಾಡಿದರೆ ದರಗಳು ಗುಣಿಸಿ 13 ಆಗುತ್ತದೆ, ನೋಡಲು ಬಲು ಚೆಂದ. ಸಮಬಲದ ಪಂದ್ಯಕ್ಕೆ ನ್ಯಾಯದ ದರ 2, ನಾಲ್ಕನ್ನೂ ಗುಣಿಸಿದರೆ ಸಿಗಬೇಕಾದದ್ದು 16. ದೂರದ ಲೆಕ್ಕದಲ್ಲಿ ನೂರಕ್ಕೆ ಹದಿನೆಂಟಕ್ಕೂ ಜಾಸ್ತಿ ಕೈಬಿಟ್ಟ ಹಾಗೆ. ಅದಕ್ಕೇ ಆ್ಯಪ್‌ಗಳು ಪೋಣಿಸಿ, ಪೋಣಿಸಿ ಎಂದು ಬೆನ್ನು ಹತ್ತುವುದು. ಇನ್ನು ನನ್ನ 1.40? ಹೆಚ್ಚೆಂದರೆ ನೂರರಲ್ಲಿ 71 ಸಲ ಗೆಲ್ಲುವ ದರ ಅದು. ಉಳಿದ 29 ಸಲ ಬೇರೆ ಯಾರೋ ಗೆಲ್ಲುತ್ತಾರೆ ಎಂದು ಅದೇ ಅಂಕಿ ಹೇಳುತ್ತಿತ್ತು. ನಾನು ಓದಿರಲಿಲ್ಲ. 2025ರ ಮೇ ತಿಂಗಳಲ್ಲಿ ಬಾಸೆಲ್‌ನಲ್ಲಿ ನಡೆದ ಯೂರೋವಿಷನ್ ಎಂಬ ದೇಶ ದೇಶಗಳ ನಡುವಿನ ಹಾಡಿನ ಸ್ಪರ್ಧೆಯಲ್ಲಿ ಬುಕ್ಕಿಗಳ ಫೇವರಿಟ್ ಸ್ವೀಡನ್ ಪರವಾಗಿ ಹಾಡಿದ ಕಾಯ್ ತಂಡ, ಸೌನಾ ಸ್ನಾನದ ಮೇಲಿನ ಖುಷಿಯ ಹಾಡು. ಬಂದದ್ದು ನಾಲ್ಕನೇ ಸ್ಥಾನ. ಗೆದ್ದದ್ದು ಆಸ್ಟ್ರಿಯಾದ ಜೆಜೆ.

ನಿಮ್ಮಲ್ಲಿ ನನ್ನ ಕೊನೆಯ ಕೋರಿಕೆಯೂ ಇದರದ್ದೇ. ಸಮಾರಂಭದ ಪರದೆಯ ಮೇಲೆ ಎಂದಿಗೂ ಬೆಟ್ಟಿಂಗ್ ದರಕ್ಕೆ ಜಾಗ ಕೊಡಬೇಡಿ. ಆಟದವರು ಕೊಟ್ಟು ನೋಡಿದ್ದಾರೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಕ್ಲಬ್‌ಗಳು ವರ್ಷಗಟ್ಟಲೆ ಅಂಗಿಯ ಎದೆಯ ಮೇಲೆ ಬೆಟ್ಟಿಂಗ್ ಕಂಪನಿಗಳ ಹೆಸರು ಹೊತ್ತುಕೊಂಡು ಓಡಿದವು. 2025–26ರ ಋತು ಮುಗಿದ ಮೇಲೆ ಎದೆಯಿಂದ ತೆಗೆಯುತ್ತೇವೆ ಎಂದು 2023ರಲ್ಲಿ ಒಪ್ಪಿಕೊಂಡವು. ತೋಳಿನ ಮೇಲೆ ಮಾತ್ರ ಇರಬಹುದಂತೆ! ಒಮ್ಮೆ ಒಳಗೆ ಬಿಟ್ಟುಕೊಂಡರೆ ಹೊರಗೆ ಕಳಿಸುವುದು ಹೀಗೆ ಅರ್ಧಂಬರ್ಧ. ಲಕೋಟೆ ಒಡೆಯುವ ಆ ಮೂರು ಸೆಕೆಂಡಿನಲ್ಲಿ ನೋಡುವವರ ಎದೆಯಲ್ಲಿ ಹಾಡು ಇರಬೇಕೇ ಹೊರತು 1.40 ಅಲ್ಲ. ಅದು ಅಂದು ನನ್ನ ಎದೆಯಲ್ಲಿತ್ತು, ಹಾಡಿನ ಒಂದು ಸ್ವರವೂ ನೆನಪಿಲ್ಲ.

ಮುಂದಿನ ಮತಪತ್ರ ಬಂದಾಗ ಪಟ್ಟಿಯ ಮೇಲ್ಭಾಗ ಬಿಟ್ಟು ನಡುವಿನ ಯಾವುದಾದರೂ ಕೇಳದ ಹೆಸರು ಹಿಡಿದು ಒಂದು ಹಾಡು ಪೂರ್ತಿ ಕೇಳಿ. ಮೂವತ್ತು ಸೆಕೆಂಡಿಗೆ ನಿಲ್ಲಿಸಬೇಡಿ. ತುತ್ತೂರಿಗಳು ಹಲವು ಸಲ ಬರುವುದೇ ಆಮೇಲೆ.

ಇಂತಿ,
ಮತ ಇಲ್ಲದ ಒಬ್ಬ ಕೇಳುಗ

ಮರೆತಿದ್ದೆ: ಚಾರ್ಲ್ಸ್ ಬ್ರಾಡ್ಲಿ ಎಲ್ಲಿಂದ ಶುರು ಮಾಡಲಿ ಎಂದು ಕೇಳುವವರಿಗೆ, 2011ರ ಮೊದಲ ಆಲ್ಬಮ್‌ನಿಂದಲೇ ಮಾಡಿ. ಹೆಡ್‌ಫೋನ್ ಬೇಡ, ಸ್ಪೀಕರಿನಲ್ಲಿ ಹಾಕಿ. ಆ ಕೂಗು ಕೋಣೆ ತುಂಬಬೇಕು.